ಬೆಟ್ಟವೇ ದೇವರೋ, ದೇವರಿರುವ ಬೆಟ್ಟವೋ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಆ ಹೆಸರು ಬಂದದ್ದು ರಂಗನಾಥನ ಗುಡಿ ನಿಂತಿರುವ ಬಿಳಿಯ ಕಡಿದಾದ ಬಂಡೆಯಿಂದ ಎನ್ನುತ್ತಾರೆ. ಶಿಖರ ಮುಚ್ಚುವ ಮಂಜಿನಿಂದ ಎನ್ನುವವರೂ ಇದ್ದಾರೆ. ಸಂಸ್ಕೃತದಲ್ಲಿ ಅದು ಶ್ವೇತಾದ್ರಿ. ಬೆಟ್ಟಸಾಲಿನ ಬಹುಪಾಲು ನೈಸ್ ಮತ್ತು ಚಾರ್ನೊಕೈಟ್ ಶಿಲೆ. ಭೂಗರ್ಭದ ಕಾವಿನಲ್ಲಿ ಅದು ರೂಪಾಂತರಗೊಂಡು ಸುಮಾರು 250 ಕೋಟಿ ವರ್ಷಗಳಾದವು. ಪುರಾಣದ ಒಂದು ಮಹಾಯುಗವೂ ಇದರ ಮುಂದೆ ಚಿಕ್ಕದೇ.

ಬೆಟ್ಟದ ಬುಡದಲ್ಲಿ ಕುರುಚಲು, ಮೇಲೇರಿದಂತೆ ಮತ್ತಿ, ಹೊನ್ನೆ, ನೆಲ್ಲಿಗಳ ಎಲೆಯುದುರುವ ಕಾಡು, ನೆತ್ತಿಯಲ್ಲಿ ಹುಲ್ಲುಗಾವಲು ಮತ್ತು ಶೋಲಾ ಕಾಡು.

ಗುಡಿಯ ದೃಷ್ಟಿಯಲ್ಲಿ ಬೆಟ್ಟ ದೇವರ ಪೀಠ. ಈ ಕಾಡಿನ ಆದಿವಾಸಿಗಳಾದ ಸೋಲಿಗರ ನಂಬಿಕೆ ಇನ್ನೂ ಮುಂದೆ ಹೋಗುತ್ತದೆ. ಅವರ ಪ್ರತಿ ಕುಲದ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜಾತಾಣಗಳಿವೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರಕ್ಕೆ ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ಗಂಟುಗಂಟಾದ ಬುಡದ ಬಳಿ ಲಿಂಗಗಳಿವೆ, ಪೂಜೆ ಸಲ್ಲುವುದು ಮರಕ್ಕೇ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ವರಿಸಿದ್ದರಿಂದ ಅವರಿಗೆ ಭಾವ. ನಂಟನಾದ ದೇವರನ್ನು ಗದರಲೂಬಹುದು. ಇದು ಭಕ್ತಿಯ ಕೊರತೆಯಲ್ಲ.

ಇಂಥ ನಂಬಿಕೆಯಲ್ಲಿ ಕಾಡಿನ ಆರೈಕೆಯೂ ಪೂಜೆಯೇ. ಬೇಸಿಗೆಯ ಆರಂಭದಲ್ಲಿ ಸೋಲಿಗರು ಹಾಕುತ್ತಿದ್ದ ತರಗು ಬೆಂಕಿ 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ನಿಂತಿತು. ಲಂಟಾನ ಕಳೆ ಹಬ್ಬಿದ್ದಕ್ಕೂ ನೆಲ್ಲಿಮರಗಳನ್ನು ಉಪ್ಪಿಲು ಎಂಬ ಬಂದಳಿಕೆ ಹಿಂಡುತ್ತಿರುವುದಕ್ಕೂ ಅದೇ ಕಾರಣವೆಂಬುದು ಅವರ ವಾದ. ಅದನ್ನು ತಳ್ಳಿಹಾಕುವಂತಿಲ್ಲ. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು.