ಬಾಯಿಬಿಟ್ಟು ಕೇಳಿದ ನೆಹೆಮೀಯ

ನೆಹೆಮೀಯನ ಪುಸ್ತಕ ತೆರೆಯಿರಿ, ಮೊದಲ ಎರಡು ಅಧ್ಯಾಯ.

ಹೋದ ವಾರ ಬೆಂಗಳೂರಲ್ಲಿ ಕೆಲಸದಲ್ಲಿರೋ ನಮ್ಮ ತ್ಯಾವಣಿಗೆಯ ಒಬ್ಬ ತಮ್ಮ ಫೋನ್ ಮಾಡಿದ. "ಪಾಸ್ಟರಣ್ಣ, ಮೂರು ವರ್ಷದಿಂದ ಅದೇ ಕೆಲಸ, ಅದೇ ಸಂಬಳ. ಪ್ರಾರ್ಥನೆ ಮಾಡ್ತಾನೇ ಇದೀನಿ, ದೇವರು ಬಾಗಿಲು ತೆಗೀತಿಲ್ಲ" ಅಂದ. "ಮ್ಯಾನೇಜರ್ ಹತ್ರ ಮಾತಾಡಿದೀಯಾ?" ಅಂದೆ. "ಇಲ್ಲಣ್ಣ, ಹೇಗೆ ಕೇಳೋದು?"

ನಗಬೇಡಿ, ನಾನೂ ಹಾಗೇ ಇದ್ದೆ. ಬೈಬಲ್ ಕಾಲೇಜಿಗೆ ಹೋಗೋ ಮುಂಚೆ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಿದ್ದೆ. ಅಲ್ಲಿಗೆ ಕಂಪ್ಯೂಟರ್ ಬಂತು. ಕಲಿಯೋ ಆಸೆ ಇತ್ತು, ಕೇಳೋಕೆ ನಾಚಿಕೆ. "ದೇವರು ಕೊಟ್ಟಾಗ ಕೊಡ್ಲಿ" ಅಂತ ಸುಮ್ಮನಿದ್ದೆ. ನನಗಿಂತ ಆಮೇಲೆ ಸೇರಿದ ಹುಡುಗ, "ಸಂಜೆ ಉಳಿದು ಕಲೀಲಾ ಸಾಹುಕಾರ್ರೇ?" ಅಂದ. ಆರೇ ತಿಂಗಳಲ್ಲಿ ಲೆಕ್ಕವೆಲ್ಲ ಅವನ ಕೈಗೆ ಹೋಯ್ತು. ನನ್ನ ಅಂಜಿಕೆಗೆ ನಾನು ನಂಬಿಕೆ ಅಂತ ಹೆಸರಿಟ್ಟಿದ್ದೆ.

ಈಗ ನೆಹೆಮೀಯನನ್ನು ನೋಡಿ. ಶೂಷನ್ ಅರಮನೆಯಲ್ಲಿ ಅರಸನಿಗೆ ದ್ರಾಕ್ಷಾರಸ ಕೊಡುವ ಸೇವಕ, ಭದ್ರವಾದ ಕೆಲಸ. ಆದರೂ ಯೆಹೂದದಿಂದ ಹನಾನೀ ಬಂದಾಗ, ಜನ ಹೇಗಿದ್ದಾರೆ, ಊರು ಹೇಗಿದೆ ಅಂತ ವಿಚಾರಿಸಿದ. ಗೋಡೆ ಬಿದ್ದಿದೆ ಅಂತ ಕೇಳಿ ಅತ್ತ, ಉಪವಾಸವಿದ್ದು ಪ್ರಾರ್ಥಿಸಿದ. ಹೀಗೆ ಸುಮಾರು ನಾಲ್ಕು ತಿಂಗಳು ಕಳೆದವು.

ಒಂದು ದಿನ ಅರಸನು, ಯಾಕೆ ಮುಖ ಬಾಡಿದೆ ಅಂತ ಕೇಳಿದ. 2ನೇ ಅಧ್ಯಾಯ 2ನೇ ವಚನ ನೋಡಿ, ನೆಹೆಮೀಯನಿಗೆ ಬಹಳ ಹೆದರಿಕೆಯಾಯ್ತು. ಹೆದರಿಕೆ ಹೋಗಲಿ ಅಂತ ಅವನು ಕಾಯಲಿಲ್ಲ. ನಿಂತಲ್ಲೇ ಪ್ರಾರ್ಥಿಸಿ ಬಾಯಿ ತೆರೆದ. ಊರಿಗೆ ಹೋಗಲು ಅಪ್ಪಣೆ ಕೇಳಿದ, ಎಷ್ಟು ಕಾಲ ಬೇಕು ಅಂತ ಹೇಳಿದ, ದಾರಿಗೆ ಪತ್ರ ಕೇಳಿದ, ಬಾಗಿಲುಗಳಿಗೆ ಮರ ಕೇಳಿದ. ಯೆರೂಸಲೇಮಿಗೆ ಹೋದ ಮೇಲೂ ರಾತ್ರಿ ಹೊತ್ತು ಗೋಡೆ ಸುತ್ತಿ ಕಣ್ಣಾರೆ ನೋಡಿದ. ಆಮೇಲೇ ಜನರನ್ನು ಕೆಲಸಕ್ಕೆ ಕರೆದ. 52 ದಿನದಲ್ಲಿ ಗೋಡೆ ಮುಗೀತು. ಹಲ್ಲೆಲೂಯಾ!

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ ಅವರ ಪ್ರತಿಮೆ ನೋಡಿದೀರಲ್ಲ? 1853ರಲ್ಲಿ ಬಾಸೆಲ್ ಮಿಷನ್ನಿಂದ ಬಂದ ಜರ್ಮನ್ ಸೇವಕರು. ಕನ್ನಡ ಅವರ ತಾಯಿನುಡಿ ಅಲ್ಲ. ಕೇಳಿ, ಓದಿ, ಬರೆದು ಕಲಿತರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು, ಸುಮಾರು 70,000 ಪದ. ಗೊತ್ತಿಲ್ಲ ಅನ್ನೋಕೆ ನಾಚಿಕೊಂಡಿದ್ರೆ ಅದು ಆಗ್ತಿತ್ತಾ?

ನಮ್ಮ ಕಡೆ ಭದ್ರಾ ನಾಲೆಗೆ ನೀರು ಬಿಡ್ತಾರೆ. ಗುದ್ದಲಿ ಹಿಡಿದು ಮಡೆ ತಿರುವದಿದ್ರೆ ನಮ್ಮ ಗದ್ದೆಗೆ ಬರುತ್ತಾ? ನೀರು ಕೊಡೋನು ದೇವರು, ಗುದ್ದಲಿ ಹಿಡಿಯೋದು ನಾವು.

ಕೇಳಿದ ಕೂಡಲೇ ಪ್ರಮೋಷನ್ ಸಿಗುತ್ತೆ ಅಂತ ನಾನು ಹೇಳಲ್ಲ. "ಇಲ್ಲ" ಅನ್ನಬಹುದು. ಅಂದ್ರೂ ನಿಮ್ಮ ದೇವರು ಬದಲಾಗಲ್ಲ. ಇನ್ನೊಂದು ಮಾತು: ನೆಹೆಮೀಯ ಕೇಳಿದ್ದು ತನ್ನ ಹೆಸರಿಗಲ್ಲ, ಬಿದ್ದ ಗೋಡೆಗೆ. ನಿಮ್ಮ ಆಫೀಸಲ್ಲಿ ಯಾವ ಗೋಡೆ ಬಿದ್ದಿದೆ? ಯಾರೂ ಮುಟ್ಟದ ಕೆಲಸ ಯಾವುದು? ಈ ವಾರ ಅದನ್ನು ನೋಡಿ, ಪ್ರಾರ್ಥಿಸಿ, ಹೋಗಿ "ನಾನು ಮಾಡ್ಲಾ?" ಅಂತ ಕೇಳಿ.

ಆ ತಮ್ಮ ನಾಳೆ ಮ್ಯಾನೇಜರ್ ಹತ್ರ ಮಾತಾಡ್ತೀನಿ ಅಂದಿದ್ದಾನೆ. ಅವನಿಗಾಗಿ ಪ್ರಾರ್ಥಿಸೋಣ.

ಕರ್ತನೇ, ನಮ್ಮ ಅಂಜಿಕೆಯನ್ನು ಕ್ಷಮಿಸು. ಕೇಳಲು ಬಾಯಿ ಕೊಡು, ಕಲಿಯಲು ಮನಸ್ಸು ಕೊಡು, ದುಡಿಯಲು ಕೈಗೆ ಬಲ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.