ಚುಕ್ಕಿ ಬಂದಿತ್ತಲ್ಲ!

ತಾತ, ಅಜ್ಜಿ ಜೊತೆಗೆ ನಿಂತಿರೋ ಫೋಟೋ ನಮ್ಮಲ್ಲಿ ಇರೋದು ಒಂದೇ. ತೆಗೆದವನು ನಾನು. ಅದರಲ್ಲಿ ಇಬ್ಬರ ಮುಖವೂ ಮಸುಕು. ಹಿಂದಿನ ಗೋಡೆಯ ಕ್ಯಾಲೆಂಡರ್ ಮಾತ್ರ ಒಂದೊಂದು ಅಂಕಿಯೂ ಓದುವಷ್ಟು ಸ್ಪಷ್ಟ.

ಆಗ ತುಮಕೂರಿನಲ್ಲಿ ಬಿಇ ಓದ್ತಿದ್ದೆ. ಗುಬ್ಬಿಯಲ್ಲಿ ಚಿಕ್ಕಪ್ಪನದು ಸಣ್ಣ ಸ್ಟುಡಿಯೋ. ಮದುವೆ ಸೀಸನ್ ಮುಗಿದಿತ್ತು ಅಂತ ಅವರ ನಿಕಾನ್ ಎಫ್80 ಕ್ಯಾಮೆರಾವನ್ನು ಎರಡು ದಿನಕ್ಕೆ ಇಸ್ಕೊಂಡು ಕುಣಿಗಲ್ ಹತ್ತಿರದ ತಾತನ ಊರಿಗೆ ಹೋದೆ. ಒಂದು ರೀಲು, 36 ಫೋಟೋ. ಶಟರ್ ಬಟನ್ ಅರ್ಧ ಒತ್ತಿದರೆ ಲೆನ್ಸ್ 'ಜರ್' ಅಂತ ತಾನೇ ತಿರುಗಿ ಫೋಕಸ್ ಮಾಡ್ಕೊಳ್ಳೋದು. ಆಯ್ತು ಅಂದ್ರೆ ವ್ಯೂಫೈಂಡರಿನ ಕೆಳಗೆ ಒಂದು ದುಂಡು ಚುಕ್ಕಿ. ನಾನಿಟ್ಟಿದ್ದ ಸೆಟ್ಟಿಂಗಿನಲ್ಲಿ ಚುಕ್ಕಿ ಬರುವವರೆಗೆ ಎಷ್ಟು ಒತ್ತಿದರೂ ಕ್ಲಿಕ್ ಆಗಲ್ಲ. ತಪ್ಪು ಮಾಡೋಕೇ ಬಿಡದ ಯಂತ್ರ ಅಂದ್ಕೊಂಡಿದ್ದೆ.

ಸಂಜೆ ಇಬ್ಬರನ್ನೂ ಪಡಸಾಲೆಯಲ್ಲಿ ನಿಲ್ಲಿಸಿದೆ. "ಹತ್ರ ಬಾರಜ್ಜಿ" ಅಂದರೆ ಅಜ್ಜಿ ನಾಚ್ಕೊಂಡು ಇನ್ನೊಂದು ಗೇಣು ಆಚೆ ಸರಿದಳು. ತಾತ ಮಿಸುಕಲೇ ಇಲ್ಲ. ಫೋಕಸ್ಸಿನ ಚೌಕ ಸರಿಯಾಗಿ ಇಬ್ಬರ ನಡುವಿನ ಸಂದಿಗೆ ಬಿತ್ತು.

ಆ ಕಾಲದ ಆಟೋಫೋಕಸ್ಸಿಗೆ ಕಣ್ಣು, ಮೂಗು ಗೊತ್ತಾಗಲ್ಲ. ಲೆನ್ಸಿನ ಎರಡು ಬದಿಯಿಂದ ಬರುವ ಬೆಳಕನ್ನು ಬೇರೆ ಮಾಡಿ, ಎರಡು ಬಿಂಬ ಎಷ್ಟು ಸರಿದಿವೆ ಅಂತ ಅಳೆಯುತ್ತೆ, ಅವು ಹೊಂದುವಂತೆ ಲೆನ್ಸ್ ತಿರುಗಿಸುತ್ತೆ. 1985ರ ಮಿನೋಲ್ಟಾ 7000 ಈ ವಿದ್ಯೆಯನ್ನು ಕ್ಯಾಮೆರಾ ಬಾಡಿಯೊಳಗೇ ಇಟ್ಟು ಎಲ್ಲರ ಕೈಗೆ ತಂದಿತ್ತು. ಅಳೆಯೋಕೆ ಗೆರೆ ಬೇಕು, ಅಂಚು ಬೇಕು. ಬರೀ ಸುಣ್ಣದ ಗೋಡೆ ಇದ್ದಿದ್ದರೆ ಲೆನ್ಸ್ ಹಿಂದೆ ಮುಂದೆ ಪರದಾಡಿ ಕೈಚೆಲ್ಲುತ್ತಿತ್ತು, ನನಗೂ ಎಚ್ಚರ ಆಗ್ತಿತ್ತು. ಆದರೆ ಸಂದಿಯಲ್ಲಿ ಇದ್ದದ್ದು ದಪ್ಪ ಕಪ್ಪು ಅಂಕಿಗಳ ಕ್ಯಾಲೆಂಡರ್! ಹಸಿದವನಿಗೆ ಹಬ್ಬದೂಟ ಸಿಕ್ಕಂಗಾಯ್ತು. ಚುಕ್ಕಿ ಬಂತು, ಒತ್ತಿದೆ.

ಪ್ರಿಂಟ್ ಹಾಕಿಸೋಕೆ ದುಡ್ಡಿಲ್ಲದೆ ರೀಲು ಹಾಸ್ಟೆಲ್ ಟ್ರಂಕಿನಲ್ಲಿ ಮೂರು ತಿಂಗಳು ಬಿದ್ದಿತ್ತು. ತಾತನ ತಿಥಿಗೆ ಫೋಟೋ ಬೇಕು ಅಂದಾಗಲೇ ನಾನು ಅಂಗಡಿಗೆ ಓಡಿದ್ದು.

"ಏನ್ಲಾ ಇದು?" ಅಂದರು ಚಿಕ್ಕಪ್ಪ.

"ಚುಕ್ಕಿ ಬಂದಿತ್ತಲ್ಲ ಚಿಕ್ಕಪ್ಪ..."

"ಅದಕ್ಕೇನ್ಲಾ ಗೊತ್ತು ನಿಮ್ಮ ತಾತ ಯಾರು ಅಂತ? ನಿಂಗೆ ಗೊತ್ತಿತ್ತಲ್ಲ." (ಗುಬ್ಬಿ ವೀರಣ್ಣನವರ ಊರು, ಡೈಲಾಗಿಗೆ ಬರವಿಲ್ಲ.)

ಅವರು ಮೊದಲೇ ಹೇಳಿಕೊಟ್ಟಿದ್ದರು. ಚೌಕವನ್ನು ಒಂದು ಮುಖದ ಮೇಲಿಟ್ಟು ಅರ್ಧ ಒತ್ತು, ಬೆರಳು ಎತ್ತದೆ ಕ್ಯಾಮೆರಾ ಸರಿಸಿ ಇಬ್ಬರನ್ನೂ ಕೂರಿಸು, ಆಮೇಲೆ ಪೂರ್ತಿ ಒತ್ತು. ಗೊತ್ತಿದ್ದೂ ಬಿಟ್ಟೆ. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. "ಈ ಚೌಕದಲ್ಲಿ ಇರೋದು ಸ್ಪಷ್ಟವಾಗಿದೆ" ಅಂದಿತ್ತು ಅಷ್ಟೇ. ನಾನು ಅದನ್ನು "ಫೋಟೋ ಸರಿಯಾಗಿದೆ" ಅಂತ ಕೇಳಿಸ್ಕೊಂಡೆ.

ಹಾಗಂತ ತಪ್ಪೆಲ್ಲ ನಂದೇ ಅಂತಾನೂ ಒಪ್ಪೋಕಾಗಲ್ಲ. ಅದೇ ಕ್ಯಾಮೆರಾದಲ್ಲಿ ಹತ್ತಿರದ ವಸ್ತುವಿಗೇ ಮೊದಲ ಪ್ರಾಶಸ್ತ್ಯ ಕೊಡುವ ಇನ್ನೊಂದು ಸೆಟ್ಟಿಂಗ್ ಇತ್ತು. ಅದಿದ್ದಿದ್ದರೆ ಬಹುಶಃ ತಾತ ಉಳೀತಿದ್ದರು. ಯಾವುದು ಮುಖ್ಯ ಅನ್ನೋದನ್ನು ಎಲ್ಲೋ ಕೂತ ಎಂಜಿನಿಯರ್ ನನಗಿಂತ ಮೊದಲೇ ತೀರ್ಮಾನ ಮಾಡಿರ್ತಾನೆ. ಈಗ ಆ ಎಂಜಿನಿಯರ್ ನಾನೇ. ಒಮ್ಮೆ ಒಂದು ಅರ್ಜಿ ಫಾರಂ ಬರೆದಿದ್ದೆ, ಸರ್‌ನೇಮ್ ಇಲ್ಲದಿದ್ದರೆ ಮುಂದಕ್ಕೆ ಹೋಗಲ್ಲ. ಟೆಸ್ಟುಗಳೆಲ್ಲ ಪಾಸ್, ಸಾಲಾಗಿ ಹಸಿರು ಟಿಕ್. ನಮ್ಮಜ್ಜಿಗೆ ಸರ್‌ನೇಮ್ ಇಲ್ಲ, ನಮ್ಮೂರಲ್ಲಿ ಮುಕ್ಕಾಲು ಜನಕ್ಕೆ ಇಲ್ಲ ಅಂತ ನೆನಪಾಗಿದ್ದು ದೂರುಗಳು ಬಂದ ಮೇಲೆ.

ಅಜ್ಜಿಗೆ ಮಾತ್ರ ಆ ಫೋಟೋ ಬಗ್ಗೆ ಯಾವ ದೂರೂ ಇರಲಿಲ್ಲ. ಓದು ಬಾರದವಳು. ಓದಿದ ಹುಡುಗರು ಯಾರೇ ಬಂದರೂ ಗೋಡೆಯಿಂದ ಇಳಿಸಿ ಕೈಗೆ ಕೊಟ್ಟು, "ಅದ್ಯಾವ ತಿಂಗ್ಳು ಅಂತೈತೆ ಓದಪ್ಪ" ಅನ್ನೋಳು. ಓದಿ ಹೇಳಿದರೆ, "ಹೂಂ, ಆಗ ಚೆನ್ನಾಗೇ ಇದ್ರು" ಅಂತ ಸೆರಗಿನಲ್ಲಿ ಗಾಜು ಒರೆಸಿ ಮತ್ತೆ ಮೊಳೆಗೆ ಸಿಕ್ಕಿಸೋಳು.