ಎದುರಾಳಿಯಿಲ್ಲದ ಚದುರಂಗ

ಅಂಗೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರದ ಚದುರಂಗದಲ್ಲಿ ಹಾಸು ಉಂಟು, ಕಾಯಿಗಳುಂಟು, ಪ್ರತಿ ನಡೆಗೆ ಮರುನಡೆಯೂ ಉಂಟು. ಆ ಮರುನಡೆಯ ಹಿಂದೆ ಮಾತ್ರ ಯಾರೂ ಇಲ್ಲ. 1990ರ ದಶಕದ ಮೊದಲಲ್ಲೇ ‘ಚೆಸ್‌ಮಾಸ್ಟರ್’ ಎಂಬ ಆಟ ನಿಂಟೆಂಡೊ ಕಂಪನಿಯ ಗೇಮ್ ಬಾಯ್‌ಗೆ ಬಂದಿತ್ತು. ಅಗಲಕ್ಕೆ 160, ಎತ್ತರಕ್ಕೆ 144 ಚುಕ್ಕಿಗಳ ಪರದೆ, ನಾಲ್ಕೇ ಛಾಯೆ, ಕೆಲಸಕ್ಕೆ 8 ಕಿಲೋಬೈಟ್ ಮೆಮೊರಿ. ಅಷ್ಟರಲ್ಲೇ ಅದು ಹೊಸಬರನ್ನು ಸೋಲಿಸಬಲ್ಲದಾಗಿತ್ತು. 2007ರಲ್ಲಿ ನಿಂಟೆಂಡೊ ಡಿಎಸ್‌ಗೆ ಬಂದ ‘ಚೆಸ್‌ಮಾಸ್ಟರ್: ದಿ ಆರ್ಟ್ ಆಫ್ ಲರ್ನಿಂಗ್’ ಆಡಿಸುವುದರ ಜೊತೆಗೆ ಕಲಿಸುವ ಹೊಣೆಯನ್ನೂ ಹೊತ್ತಿತು. ಅಮೆರಿಕದ ಆಟಗಾರ ಜಾಶ್ ವೇಟ್ಸ್‌ಕಿನ್ ಅದೇ ವರ್ಷ ಪ್ರಕಟಿಸಿದ ಪುಸ್ತಕದ ಹೆಸರೂ ಇದೇ. ಯಂತ್ರ ಆಡುತ್ತದೆ, ಕಲಿಸುತ್ತದೆ ಎಂದು ಯಾರೂ ಎರಡನೆಯ ಯೋಚನೆಯಿಲ್ಲದೆ ಹೇಳಿಬಿಡುತ್ತಾರೆ. ಈ ಎರಡು ಕ್ರಿಯೆಗಳಿಗೂ ಕರ್ತೃ ಯಾರು ಎಂಬುದು ಹಳೆಯ ಪ್ರಶ್ನೆ, ಇಲ್ಲಿ ಅದು ಹೊಸ ರೂಪದಲ್ಲಿ ಎದುರಾಗುತ್ತದೆ.

ಯಂತ್ರ ಮಾಡುವ ಕೆಲಸದ ನಕ್ಷೆಯನ್ನು ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಬಿಡಿಸಿಟ್ಟಿದ್ದ. ಮಂತ್ರಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ 3, ಕಾಲಾಳಿಗೆ 1 ಎಂದು ಬೆಲೆ ಕಟ್ಟುವುದು. ಸಾಧ್ಯವಿರುವ ನಡೆಗಳನ್ನೂ ಅವುಗಳ ಮರುನಡೆಗಳನ್ನೂ ಕೆಲವು ಹೆಜ್ಜೆ ಮುಂದಕ್ಕೆ ಎಣಿಸುವುದು. ಎದುರಿನವರು ತಮಗೆ ಅತ್ಯುತ್ತಮವಾದುದನ್ನೇ ಆಡುತ್ತಾರೆಂದು ಹಿಡಿದು, ಕೊನೆಗೆ ಹೆಚ್ಚು ಅಂಕ ಉಳಿಸುವ ನಡೆಯನ್ನು ಆರಿಸುವುದು. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಅಂಗೈ ಯಂತ್ರದ್ದು ಅದರ ಎದುರು ತೀರ ಸಣ್ಣ ಲೆಕ್ಕ, ಆದರೆ ಲೆಕ್ಕದ ಜಾತಿ ಒಂದೇ.

ಇದು ಆಡುವುದೆಂದಾದೀತೆ? ನ್ಯಾಯದರ್ಶನ ಕರ್ತೃತ್ವಕ್ಕೆ ಮೂರನ್ನು ಬೇಡುತ್ತದೆ: ಮಾಡಬೇಕಾದುದರ ಅರಿವು, ಮಾಡಬೇಕೆಂಬ ಇಚ್ಛೆ, ಅದಕ್ಕಾಗಿ ಪ್ರಯತ್ನ. ಮೂರೂ ಆತ್ಮದ ಗುಣಗಳು. ಗೇಮ್ ಬಾಯ್‌ನಲ್ಲಿ ಅರಿವಿನ ಜಾಗದಲ್ಲಿ ಎಣಿಕೆಯಿದೆ ಎಂದು ಒಪ್ಪಿದರೂ ಇಚ್ಛೆಯ ಜಾಗ ಖಾಲಿ. ಬ್ಯಾಟರಿ ಕಳಚಿದರೆ ಸೋಲುವ ಹಂತದಲ್ಲಿದ್ದ ಆಟ ಮಾಯವಾಗುತ್ತದೆ, ಅದರಿಂದ ಪಾರಾದೆನೆಂದು ನಿಟ್ಟುಸಿರು ಬಿಡುವವರು ಆ ಬದಿಯಲ್ಲಿ ಇಲ್ಲ. ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞ 1978ರಲ್ಲಿ ಬೇರೊಂದು ದಾರಿಯಿಂದ ಇದೇ ಕಡೆಗೆ ಬಂದ: ಗುರಿ ತಲುಪುವ ಸುಲಭ ದಾರಿಯನ್ನು ಬಿಟ್ಟು, ಕಷ್ಟದ ನಿಯಮಗಳನ್ನು ಆಟಕ್ಕಾಗಿಯೇ ಸ್ವಇಚ್ಛೆಯಿಂದ ಒಪ್ಪಿಕೊಳ್ಳುವುದೇ ಆಟವಾಡುವುದು. ಯಂತ್ರ ಏನನ್ನೂ ಒಪ್ಪಿಕೊಂಡಿಲ್ಲ. ಹಾಗಾಗಿ ಅಲ್ಲಿ ಆಡುತ್ತಿರುವುದು ಒಬ್ಬರೇ ಎಂಬ ತೀರ್ಮಾನವೇ ಸರಿ.

ಕಲಿಕೆಯ ವಿಷಯ ಇಷ್ಟು ಬೇಗ ಮುಗಿಯುವುದಿಲ್ಲ. ಮಹಾಭಾರತದ ಏಕಲವ್ಯ ದ್ರೋಣರ ಮಣ್ಣಿನ ಪ್ರತಿಮೆಯೆದುರು ಬಿಲ್ವಿದ್ಯೆ ಕಲಿತ. ಪ್ರತಿಮೆ ಏನನ್ನೂ ತಿಳಿದಿರಲಿಲ್ಲ, ಏನನ್ನೂ ಹೇಳಲಿಲ್ಲ. ಆದರೂ ವಿದ್ಯೆ ಬಂದದ್ದನ್ನು ಮಹಾಭಾರತ ಸಂಶಯಿಸುವುದಿಲ್ಲ. ಗುರುವಿಗೆ ಮನಸ್ಸಿರುವುದು ಕಲಿಕೆಗೆ ಅನಿವಾರ್ಯವಲ್ಲ ಎಂಬುದಕ್ಕೆ ಇಷ್ಟು ಸಾಕು. ಪ್ರತಿಮೆಗೂ ಯಂತ್ರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಯಂತ್ರ ಉತ್ತರ ಕೊಡುತ್ತದೆ. ಕಾವಲಿಲ್ಲದ ಕುದುರೆಯನ್ನು ಅದು ಕಡಿಯದೆ ಬಿಡುವುದಿಲ್ಲ. ಇಲ್ಲಿ ಕಲಿಸುತ್ತಿರುವುದು ಅರವತ್ತನಾಲ್ಕು ಮನೆಗಳೊಳಗಿನ ಸತ್ಯ. ಆ ಸತ್ಯ ಯಾರ ಬಾಯಿಂದ ಬಂದರೂ ಅಷ್ಟೇ ಸತ್ಯ.

ತೊಡಕು ಹುಟ್ಟುವುದು ಯಂತ್ರ ಗೆದ್ದಾಗ ಅಲ್ಲ, ಬೇಕೆಂದೇ ಸೋತಾಗ. ಹೊಸಬರಿಗೆಂದು ಅದರಲ್ಲಿ ಕೆಳಮಟ್ಟಗಳಿರುತ್ತವೆ. ಮಟ್ಟ ಇಳಿಸಲು ಸಾಮಾನ್ಯವಾಗಿ ಎರಡು ಉಪಾಯ: ಮುಂದಕ್ಕೆ ಎಣಿಸುವ ಹೆಜ್ಜೆಗಳನ್ನು ಕಡಿಮೆ ಮಾಡುವುದು, ಇಲ್ಲವೇ ಒಳ್ಳೆಯ ನಡೆ ಗೊತ್ತಿದ್ದೂ ನಡುನಡುವೆ ಕೆಟ್ಟದ್ದನ್ನು ಆರಿಸುವಂತೆ ಮಾಡುವುದು. ಮೊದಲನೆಯದರಲ್ಲಿ ಒಂದು ಪ್ರಾಮಾಣಿಕತೆಯಿದೆ. ಕಾಣುವಷ್ಟನ್ನು ಕಂಡು ಆಡುವ ಯಂತ್ರ ತನ್ನ ಎಣಿಕೆಯ ಗಡಿಯಾಚೆ ನಷ್ಟವನ್ನು ತಳ್ಳಲು ಕಾಲಾಳುಗಳನ್ನು ಒಂದೊಂದಾಗಿ ಬಲಿ ಕೊಡುವುದುಂಟು. ನಷ್ಟ ತಪ್ಪುವುದಿಲ್ಲ, ಕಣ್ಣಿಗೆ ಬೀಳದಷ್ಟು ದೂರ ಹೋಗುತ್ತದೆ. ಇಂಥ ದೌರ್ಬಲ್ಯವನ್ನು ಗುರುತಿಸಿ ಗೆದ್ದವರು ನಿಜವಾಗಿಯೂ ಏನನ್ನೋ ಕಲಿತಿರುತ್ತಾರೆ. ಎರಡನೆಯದು ಹಾಗಲ್ಲ. ಮನುಷ್ಯರ ತಪ್ಪಿಗೆ ಕಾರಣವಿರುತ್ತದೆ: ದುರಾಸೆ, ಭಯ, ದಾಳಿಯ ಉತ್ಸಾಹದಲ್ಲಿ ಮರೆತ ಮೂಲೆ. ಆ ಕಾರಣವನ್ನು ಊಹಿಸುವುದು ಚದುರಂಗದ ಅರ್ಧ ವಿದ್ಯೆ. ಇಪ್ಪತ್ತು ನಡೆ ಚೊಕ್ಕವಾಗಿ ಆಡಿ ಇಪ್ಪತ್ತೊಂದನೆಯದರಲ್ಲಿ ಮಂತ್ರಿಯನ್ನು ಸುಮ್ಮನೆ ಒಪ್ಪಿಸಿಬಿಡುವ ಯಂತ್ರದ ತಪ್ಪಿನ ಹಿಂದೆ ಊಹಿಸಬೇಕಾದ ಮನಸ್ಸೇ ಇಲ್ಲ. ಅಂಥ ಗೆಲುವಿನಿಂದ ಬರುವುದು ತಾಳ್ಮೆಯಿಂದ ಕಾಯುವ ಅಭ್ಯಾಸ ಮಾತ್ರ. ಮಕ್ಕಳ ಜೊತೆ ಆಡುವಾಗ ಹಿರಿಯರೂ ಬೇಕೆಂದೇ ಸೋಲುತ್ತಾರೆ, ನಿಜ. ಆದರೆ ಮಗು ಯಾವುದನ್ನು ಕಂಡುಹಿಡಿಯಬೇಕೋ ಅದನ್ನೇ ಅವರು ಅದರ ದಾರಿಯಲ್ಲಿ ಇಟ್ಟಿರುತ್ತಾರೆ. ಅದೊಂದು ದಾನ, ಅದರಲ್ಲಿ ಇಚ್ಛೆಯಿದೆ.

ಇನ್ನೊಂದು ಸಂಗತಿ ನಡೆ ಹಿಂದಕ್ಕೆ ಪಡೆಯುವ ಸೌಕರ್ಯ. ಸ್ಪರ್ಧೆಯ ಚದುರಂಗದಲ್ಲಿ ಆಡುವ ಉದ್ದೇಶದಿಂದ ಮುಟ್ಟಿದ ಕಾಯಿಯನ್ನು ಆಡಲೇಬೇಕು. ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಕರ್ಮವೂ ಫಲವೂ ಒಟ್ಟಿಗೆ ಅಳಿಸಿಹೋಗುತ್ತವೆ. ಅಭ್ಯಾಸಕ್ಕೆ ಇದು ವರವೇ ಸರಿ: ಒಂದೇ ಸ್ಥಿತಿಯಿಂದ ಬೇರೆ ಬೇರೆ ದಾರಿಗಳನ್ನು ನಡೆದು ನೋಡಬಹುದು. ನಡೆಯ ಫಲ ತನ್ನ ಮೇಲೆಯೇ ಬೀಳುತ್ತದೆಂಬ ತೂಕದಲ್ಲಿ ನಿರ್ಧರಿಸುವುದನ್ನು ಮಾತ್ರ ಅದು ಕಲಿಸಲಾರದು. ಕಲಿಯುವವರು ಆ ಗುಂಡಿಯನ್ನು ಮುಟ್ಟುವುದಿಲ್ಲವೆಂದು ತಾವೇ ವ್ರತ ಹಿಡಿಯಬೇಕು.

ನಿಯಮ ಪಾಲನೆಯೂ ಹೀಗೆಯೇ. ಮರದ ಹಾಸಿನ ಮೇಲೆ ಕುದುರೆಯನ್ನು ತಪ್ಪು ಮನೆಗೆ ಇಡಲು ಕೈಗೆ ಅಡ್ಡಿಯಿಲ್ಲ. ಷಹ ಬಿದ್ದಿದ್ದರೂ ರಾಜನನ್ನು ಅಲ್ಲೇ ಬಿಟ್ಟು ಬೇರೆ ಕಾಯಿ ಆಡಿಬಿಡಬಹುದು. ಆಡದಿರುವುದು ಆಟಗಾರರ ಎಚ್ಚರ. ಯಂತ್ರ ಇಂಥ ನಡೆಯನ್ನು ಸ್ವೀಕರಿಸುವುದೇ ಇಲ್ಲ. ಮುರಿಯಲಾಗದ ನಿಯಮವನ್ನು ಪಾಲಿಸಿದೆವೆನ್ನಲು ಬರುವುದಿಲ್ಲ; ಅಲ್ಲಿ ನಿಯಮ ನೀತಿಯಾಗಿ ಉಳಿಯದೆ ಗೋಡೆಯಾಗುತ್ತದೆ. ಅಂಗೈ ಯಂತ್ರದಲ್ಲಷ್ಟೇ ಕಲಿತವರು ಮೊದಲ ಸ್ಪರ್ಧೆಯಲ್ಲಿ ಷಹ ಬಿದ್ದದ್ದನ್ನು ಗಮನಿಸದೆ ಬೇರೆ ಕಾಯಿ ಎತ್ತಿದರೆ ಆಶ್ಚರ್ಯವಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ಅಲ್ಲಿಯವರೆಗೂ ಅವರದಾಗಿರಲಿಲ್ಲ.